ಗಣಿ ನೆಲದ ಹಸಿರಿಗೆ ಸಹಿ ಹಾಕುವ ಮುನ್ನ: ಪುನಶ್ಚೇತನ ವರದಿ ಒಪ್ಪುವ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಗಣಿ ಮುಗಿದ ನೆಲದಲ್ಲಿ ಗಿಡಮರ ಮತ್ತೆ ಬಂದಿದೆ ಎಂಬ ವರದಿ ತಮ್ಮ ಮೇಜಿಗೆ ಬರುತ್ತದೆ. ತಾವು ಅದನ್ನು ಒಪ್ಪಿ ಸಹಿ ಹಾಕಿದ ದಿನ ಖಾತರಿ ಠೇವಣಿ ವಾಪಸ್ ಹೋಗುತ್ತದೆ, ಗಣಿ ನಡೆಸಿದವರ ಹೊಣೆ ಕಳಚುತ್ತದೆ. ಆಮೇಲೆ ಆ ನೆಲಕ್ಕೆ ಏನಾದರೂ ಕೇಳುವವರಿಲ್ಲ. ಆದ್ದರಿಂದ ವರದಿಯ ತೀರ್ಮಾನಕ್ಕಿಂತ ಅದರ ಹಿಂದಿನ ಅಳತೆ ಮುಖ್ಯ. ಈ ವರದಿಗಳು ಸಾಮಾನ್ಯವಾಗಿ ಎರಡೇ ಅಂಕಿಗಳ ಮೇಲೆ ನಿಂತಿರುತ್ತವೆ: ನೆಟ್ಟ ಸಸಿಗಳಲ್ಲಿ ಶೇಕಡಾ ಎಷ್ಟು ಉಳಿದಿವೆ, ನೆಲದ ಶೇಕಡಾ ಎಷ್ಟು ಭಾಗ ಹಸಿರಾಗಿದೆ. ಪಕ್ಕದಲ್ಲಿ ಮಳೆಗಾಲದ ಒಂದು ಫೋಟೊ. ಎರಡೂ ಅಂಕಿಗಳನ್ನು ಪ್ರಾಮಾಣಿಕವಾಗಿಯೇ ಎಣಿಸಿದ್ದರೂ ಅವು ದಾರಿ ತಪ್ಪಿಸಬಲ್ಲವು. ಅದು ಹೇಗೆ, ಅವುಗಳ ಬದಲು ತಾವು ಏನನ್ನು ಕೇಳಿ ಪಡೆಯಬೇಕು ಎಂಬುದನ್ನು ಹೇಳಲು ಈ ಪತ್ರ.

ಸಸಿ ಉಳಿದ ಲೆಕ್ಕದಿಂದ ಶುರು ಮಾಡೋಣ. 1000 ಸಸಿ ನೆಟ್ಟಿದ್ದಾರೆ ಎಂದುಕೊಳ್ಳಿ. ಮೊದಲ ಬೇಸಿಗೆಗೆ 400 ಸತ್ತವು. ಮಳೆ ಬಿದ್ದ ಮೇಲೆ ಅದೇ ಗುಂಡಿಗಳಲ್ಲಿ 400 ಹೊಸ ಸಸಿ ಕೂರಿಸಿದರು. ಎರಡನೇ ಬೇಸಿಗೆಯಲ್ಲಿ ಹಳೆಯವು 60, ಹೊಸವು 150 ಹೋದವು. ಮತ್ತೆ 210 ಕೂರಿಸಿದರು. ಎರಡು ತಿಂಗಳು ಬಿಟ್ಟು ಎಣಿಸುವಾಗ ಅವುಗಳಲ್ಲಿ 30 ಒಣಗಿದ್ದವು. ನಿಂತಿರುವ ಸಸಿ 970. ವರದಿಯಲ್ಲಿ ಶೇ 97 ಎಂದು ಬರುತ್ತದೆ, ಎಣಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲ ಸಲ ನೆಟ್ಟವುಗಳಲ್ಲಿ ಉಳಿದದ್ದು 540, ಅಂದರೆ ಶೇ 54. ಒಟ್ಟು ನೆಟ್ಟ 1610 ಸಸಿಗಳಲ್ಲಿ ನಿಂತಿರುವುದು ಶೇ 60. ಅದರಲ್ಲೂ 180 ಸಸಿಗಳು ಒಂದು ಬೇಸಿಗೆಯನ್ನೂ ಕಂಡಿಲ್ಲ. ಶೇ 97 ಎಂಬುದು ಗುಂಡಿಗಳು ತುಂಬಿವೆ ಎಂದು ಹೇಳುತ್ತದೆ, ಅಷ್ಟೇ.

ಇದನ್ನು ತಡೆಯುವುದು ಕಷ್ಟವಲ್ಲ. ಅಳತೆಯ ಚೌಕದೊಳಗಿನ (ಮಾದರಿಗೆಂದು ಗುರುತು ಹಾಕಿದ ತುಂಡು ನೆಲ) ಪ್ರತಿ ಸಸಿಯ ಪಕ್ಕ ಗೂಟ ನೆಟ್ಟು, ನೆಟ್ಟ ವರ್ಷ ಮತ್ತು ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿಸಬೇಕು. ಕಾಂಡಕ್ಕೇ ತಂತಿ ಬಿಗಿದರೆ ಎರಡು ವರ್ಷಕ್ಕೆ ತೊಗಟೆ ಕಚ್ಚಿ ಗಿಡವೇ ಸಾಯಬಹುದು. ಬದಲಿ ಸಸಿಗೆ ಹೊಸ ಸಂಖ್ಯೆ, ಹೊಸ ವರ್ಷ. ಹಳೆಯ ಸಂಖ್ಯೆಯ ಮುಂದೆ ‘ಸತ್ತಿದೆ’ ಎಂದು ಬರೆದದ್ದು ಹಾಗೆಯೇ ಉಳಿಯಬೇಕು. ಸ್ಥಿತಿಯನ್ನು ಐದು ಬಗೆಯಾಗಿ ಬರೆಯಲಿ: ಚೆನ್ನಾಗಿದೆ, ತುದಿ ಒಣಗಿದೆ, ಬುಡದಿಂದ ಚಿಗುರಿದೆ, ಸತ್ತಿದೆ, ಕಾಣೆಯಾಗಿದೆ. ‘ಸತ್ತಿದೆ’ ಮತ್ತು ‘ಕಾಣೆ’ ಬೇರೆ ಬೇರೆ ಇರಲೇಬೇಕು. ಸತ್ತ ಸಸಿ ಮಣ್ಣಿನ ಅಥವಾ ನೀರಿನ ತೊಂದರೆಯನ್ನು ಹೇಳುತ್ತದೆ, ಕಾಣೆಯಾದದ್ದು ಮೇವು, ಕಳವು ಅಥವಾ ಇಳಿಜಾರಿನ ಕುಸಿತವನ್ನು. ಎಲೆ ಉದುರಿಸಿ ನಿಂತ ಗಿಡವನ್ನು ಸತ್ತದ್ದರ ಲೆಕ್ಕಕ್ಕೆ ಹಾಕುವ ಮೊದಲು ಉಗುರಿನಿಂದ ತೊಗಟೆ ಕೆರೆದು ನೋಡಬೇಕು. ಒಳಗೆ ಹಸಿರಿದ್ದರೆ ಜೀವ ಇದೆ.

ಬದಲಿ ನಾಟಿಯ ಈ ತೊಡಕಿಗೆ ಅಮೆರಿಕದ ಕಲ್ಲಿದ್ದಲು ಗಣಿ ನಿಯಮಗಳಲ್ಲಿ ಒಂದು ಒಳ್ಳೆಯ ಉತ್ತರವಿದೆ. 1977ರ ಮೇಲ್ಮೈ ಗಣಿಗಾರಿಕೆ ಕಾನೂನಿನಡಿ ಹೊಣೆಯ ಅವಧಿ ವಾರ್ಷಿಕ ಮಳೆ 26 ಇಂಚಿಗಿಂತ (ಸುಮಾರು 660 ಮಿ.ಮೀ.) ಹೆಚ್ಚಿರುವಲ್ಲಿ ಕನಿಷ್ಠ 5 ವರ್ಷ, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಇರುವಲ್ಲಿ 10 ವರ್ಷ. ಆ ಗಡಿಯಾರ ಶುರುವಾಗುವುದು ಕೊನೆಯ ಸಲ ಹೆಚ್ಚುವರಿ ಬಿತ್ತನೆ, ಗೊಬ್ಬರ, ನೀರಾವರಿ ಮಾಡಿದ ವರ್ಷದ ನಂತರ. ಜೊತೆಗೆ, ಲೆಕ್ಕಕ್ಕೆ ಹಿಡಿದ ಮರ ಮತ್ತು ಪೊದೆಗಳಲ್ಲಿ ಕನಿಷ್ಠ ಶೇ 80, ಆ ಅವಧಿಯ ಶೇ 60 ಭಾಗವನ್ನಾದರೂ ಅದೇ ಜಾಗದಲ್ಲಿ ಕಳೆದಿರಬೇಕು. ನಿನ್ನೆ ಕೂರಿಸಿದ ಸಸಿ ಇಂದು ಎಣಿಕೆಗೆ ಬರುವುದಿಲ್ಲ. ಟ್ಯಾಂಕರ್ ನೀರು ಹೋಗುತ್ತಿರುವ ನೆಲವನ್ನು ‘ನೆಲೆಗೊಂಡಿದೆ’ ಎಂದು ಒಪ್ಪುವ ಪದ್ಧತಿ ಎಲ್ಲಿದ್ದರೂ ಇಂಥ ಷರತ್ತನ್ನು ಅಲ್ಲಿ ಸೇರಿಸಬೇಕು.

ಹಾಗೆಂದು ಆ ಕಾನೂನಿನ ಕಥೆಯೆಲ್ಲ ಚೆನ್ನಾಗಿದೆ ಎಂದಲ್ಲ. ಅಮೆರಿಕದ ಪೂರ್ವಭಾಗದ ಅಪಲೇಚಿಯ ಬೆಟ್ಟಗಳಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಎಂದು ನೆಲವನ್ನು ಬುಲ್ಡೋಜರ್‌ನಿಂದ ಹಲವು ಸಲ ಸಮಮಾಡಿ, ದಟ್ಟ ಹುಲ್ಲು ಬಿತ್ತಿದರು. ಹಸಿರು ಹೊದಿಕೆಯ ಅಂಕಿ ಚೆನ್ನಾಗಿ ಬಂತು, ಠೇವಣಿಗಳು ಬಿಡುಗಡೆಯಾದವು. ಒಂದು ಕಾಲಕ್ಕೆ ಗಟ್ಟಿಮರದ ಕಾಡಿದ್ದ ಎಷ್ಟೋ ಕಡೆ ಮರ ಮಾತ್ರ ಮೇಲೇಳಲಿಲ್ಲ. ಮಣ್ಣು ಬಿಗಿದುಹೋಗಿತ್ತು, ಹುಲ್ಲು ಸಸಿಗಳ ಬೆಳಕು ನೀರು ಎರಡನ್ನೂ ಕಸಿಯಿತು. ಆಮೇಲೆ ಅಲ್ಲಿನ ಅರಣ್ಯ ಪುನಶ್ಚೇತನ ವಿಧಾನ ಕನಿಷ್ಠ 4 ಅಡಿ, ಅಂದರೆ 1.2 ಮೀಟರ್ ಆಳದ ಸಡಿಲ ಮಣ್ಣು ಹಾಸಿ ಹಾಗೇ ಬಿಡಿ, ಮರಕ್ಕೆ ತೊಡಕಾಗದ ತೆಳು ಹೊದಿಕೆಯನ್ನೇ ಬಿತ್ತಿ ಎಂದು ಹೇಳಿತು. ತಾವು ಹೊದಿಕೆ ಕೇಳಿದರೆ ಹೊದಿಕೆ ಕೊಡುತ್ತಾರೆ.

ಈಗ ಚೌಕಗಳ ಮಾತು. ವರದಿಯಲ್ಲಿ ‘ಪ್ರಾತಿನಿಧಿಕ ಸ್ಥಳಗಳಲ್ಲಿ’ ಎಂಬ ಪದ ಕಂಡರೆ ಅಲ್ಲೇ ನಿಲ್ಲಿ. ಯಾರು ಆರಿಸಿದರು, ಹೇಗೆ? ಕಾಲುದಾರಿಯ ಪಕ್ಕ, ಜೀಪು ಹೋಗುವ ಕಡೆ, ಗಿಡ ಚೆನ್ನಾಗಿರುವ ಕಡೆ ಚೌಕ ಹಾಕಿದರೆ ಉತ್ತರ ಮೊದಲೇ ಗೊತ್ತು. ಹೊರಡುವ ಮೊದಲೇ ನಕ್ಷೆಯ ಮೇಲೆ ನೆಲವನ್ನು ವಿಂಗಡಿಸಬೇಕು: ಡಂಪ್‌ನ (ಗಣಿ ತ್ಯಾಜ್ಯದ ರಾಶಿ) ನೆತ್ತಿ, ಅದರ ಇಳಿಜಾರು, ಬೆಂಚುಗಳು (ಗಣಿಯಲ್ಲಿ ಕಡಿದ ಮೆಟ್ಟಿಲುಗಳು), ಮತ್ತೆ ತುಂಬಿದ ಗಣಿ ಗುಂಡಿ, ಮೇಲ್ಮಣ್ಣು ಹಾಸಿದ್ದು, ಹಾಸದ್ದು, ಒಂದೊಂದು ವರ್ಷದ ನೆಡುತೋಪು. ಪ್ರತಿ ವಿಭಾಗದ ಮೇಲೆ ಸಂಖ್ಯೆ ಹಾಕಿದ ಜಾಲರಿ ಇಟ್ಟು, ಯಾದೃಚ್ಛಿಕ ಸಂಖ್ಯೆಗಳಿಂದ ಚೌಕಗಳನ್ನು ಆರಿಸಿ, ಪಟ್ಟಿಯನ್ನು ತಮ್ಮ ಕಚೇರಿಗೆ ಮುಂಚಿತವಾಗಿ ಕೊಡಬೇಕು. ಹತ್ತಲಾಗದ ಕಡಿದಾದ ಜಾಗ ಬಂದರೆ ಕಾರಣ ಬರೆದು ಪಟ್ಟಿಯ ಮುಂದಿನ ಸಂಖ್ಯೆಗೆ ಹೋಗಲಿ. ಅಂಥ ಬಿಟ್ಟ ಚೌಕಗಳು ಎಷ್ಟು ಎಂಬುದೂ ವರದಿಯಲ್ಲಿರಲಿ.

ಎಷ್ಟು ಚೌಕ ಬೇಕು ಎಂಬುದಕ್ಕೆ ಪ್ರತಿ ವಿಭಾಗದಲ್ಲಿ ಮೊದಲು ಹತ್ತು ಚೌಕ ಅಳೆದು, ಅಂಕಿಗಳ ಏರಿಳಿತ ನೋಡಿ ಲೆಕ್ಕ ಹಾಕಬೇಕು. ಸರಾಸರಿ ಹೊದಿಕೆ ಶೇ 60, ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅಂಕಿಗಳು ಎಷ್ಟು ಚದುರಿವೆ ಎಂಬ ಅಳತೆ) 18, ಶೇ 90 ಭರವಸೆಯೊಂದಿಗೆ ಸರಾಸರಿಯ ಹತ್ತನೇ ಒಂದು ಭಾಗದ (ಇಲ್ಲಿ 6) ಒಳಗೆ ಉತ್ತರ ಬೇಕು ಎಂದರೆ: ಶೇ 90 ಭರವಸೆಗೆ ಸಲ್ಲುವ ಗುಣಕ 1.645ನ್ನು 18ರಿಂದ ಗುಣಿಸಿ, 6ರಿಂದ ಭಾಗಿಸಿ, ವರ್ಗ ಮಾಡಿ. ಸುಮಾರು 25 ಚೌಕ. ವಿಚಲನೆ 30 ಇದ್ದರೆ 68 ಚೌಕ ಬೇಕು. ಇಲ್ಲೊಂದು ದಟ್ಟ ಪೊದೆ, ಅಲ್ಲೊಂದು ಬೋಳು ಕಲ್ಲು ಇರುವ ಗಣಿ ನೆಲದಲ್ಲಿ ವಿಚಲನೆ ದೊಡ್ಡದೇ ಇರುತ್ತದೆ. ವಿಭಾಗಗಳನ್ನು ಬೆರೆಸಿದರೆ ಇನ್ನೂ ಹಿಗ್ಗುತ್ತದೆ. ಇಡೀ ಗಣಿ ಗುತ್ತಿಗೆ ಪ್ರದೇಶಕ್ಕೆ ಐದು ಚೌಕ ಹಾಕಿ ಸರಾಸರಿ ಕೊಟ್ಟವರನ್ನು ‘ವಿಚಲನೆ ಎಷ್ಟು’ ಎಂದು ಕೇಳಿ ನೋಡಿ.

ಚೌಕ ಹಾಕುವ ಕೆಲಸದಲ್ಲೇ ಎರಡು ತಪ್ಪು ಮೇಲಿಂದ ಮೇಲೆ ಆಗುತ್ತವೆ. ಒಂದು, ಮೂಲೆಗಳನ್ನು ಕೈ ಜಿಪಿಎಸ್‌ನಲ್ಲಿ ಮಾತ್ರ ಗುರುತಿಸುವುದು. ಅದು 3ರಿಂದ 5 ಮೀಟರ್ ಆಚೀಚೆ ತೋರಿಸಬಹುದು. ಮುಂದಿನ ವರ್ಷ ಅಳೆಯುವುದು ಅರ್ಧ ಬೇರೆಯದೇ ಚೌಕವಾಗಿರುತ್ತದೆ. ನಾಲ್ಕು ಮೂಲೆಗೂ ಕಬ್ಬಿಣದ ಸರಳು ಹೊಡೆದು ತುದಿ ನೆಲಮಟ್ಟಕ್ಕೆ ಇಳಿಸಿದರೆ ಕಳವು ಕಡಿಮೆ, ಲೋಹ ಶೋಧಕದಿಂದ ಮತ್ತೆ ಸಿಗುತ್ತದೆ. ಕಬ್ಬಿಣದ ಅದಿರಿನ ಡಂಪ್ ಆದರೆ ಶೋಧಕ ಎಲ್ಲೆಡೆ ಕೂಗುತ್ತದೆ, ಅಲ್ಲಿ ಬಣ್ಣ ಬಳಿದ ಕಲ್ಲಿನ ಗುಡ್ಡೆಯೇ ಗತಿ. ಮರಗಳಿಗೆ 10×10 ಮೀಟರ್, ಅದರೊಳಗೆ ಪೊದೆಗೆ 5×5, ಹುಲ್ಲು ಮತ್ತು ಪುಟ್ಟ ಸಸಿಗೆ 1×1. ನಾಲ್ಕು ಬದಿ 10 ಮೀಟರ್ ಇದ್ದ ಮಾತ್ರಕ್ಕೆ ಚೌಕವಾಗಲಿಲ್ಲ, ಎರಡೂ ಕರ್ಣ 14.14 ಮೀಟರ್ ಬರಬೇಕು. ಗಡಿಯ ಮೇಲೆ ಬೇರಿರುವ ಗಿಡವನ್ನು ಎರಡು ಬದಿಗಳಲ್ಲಿ ಒಳಗೆ, ಉಳಿದ ಎರಡರಲ್ಲಿ ಹೊರಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಇನ್ನೊಂದು ತಪ್ಪು ಇಳಿಜಾರಿನದು. ಟೇಪನ್ನು ನೆಲಕ್ಕೆ ಅಂಟಿಸಿ ಹಿಡಿದರೆ 30 ಡಿಗ್ರಿ ಇಳಿಜಾರಿನಲ್ಲಿ 10 ಮೀಟರ್ ಎಂಬುದು ನಕ್ಷೆಯಲ್ಲಿ 8.66 ಮೀಟರ್. ನಕ್ಷೆಯ ಮೇಲೆ 10 ಮೀಟರ್ ಸಿಗಬೇಕಾದರೆ ಇಳಿಜಾರಿನುದ್ದಕ್ಕೆ 11.55 ಮೀಟರ್ ಹಿಡಿಯಬೇಕು. ಹೆಕ್ಟೇರಿಗೆ ಇಷ್ಟು ಗಿಡ ಎಂದು ಹೇಳಿ, ಅದನ್ನು ಉಪಗ್ರಹ ನಕ್ಷೆಯ ವಿಸ್ತೀರ್ಣಕ್ಕೆ ಗುಣಿಸಿದಾಗ ಈ ವ್ಯತ್ಯಾಸ ಒಟ್ಟು ಲೆಕ್ಕಕ್ಕೆ ಬಂದು ಸೇರುತ್ತದೆ.

ಹೊದಿಕೆಯನ್ನು ಕಣ್ಣಂದಾಜಿನಲ್ಲಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಒಂದೇ ಚೌಕಕ್ಕೆ ಒಬ್ಬರು ಶೇ 40, ಇನ್ನೊಬ್ಬರು ಶೇ 60 ಎನ್ನುವುದು ಸಾಮಾನ್ಯ. 50 ಮೀಟರ್ ಟೇಪು ಎಳೆದು, ಪ್ರತಿ 50 ಸೆಂ.ಮೀ.ಗೆ ತೆಳ್ಳನೆಯ ಕಡ್ಡಿಯನ್ನು ನೆಟ್ಟಗೆ ಇಳಿಸಿ, ಅದಕ್ಕೆ ಮೇಲಿನಿಂದ ಕೆಳಗೆ ಏನೇನು ತಾಗಿತು ಎಂದು ಬರೆಯುವುದೇ ಸರಿ: ಮರದ ಎಲೆ, ಪೊದೆ, ಹುಲ್ಲು, ಕೊನೆಗೆ ನೆಲದಲ್ಲಿ ತರಗೆಲೆಯೋ, ಕಲ್ಲೋ, ಬರಿ ಮಣ್ಣೋ. 100 ಬಿಂದು ಸಿಗುತ್ತದೆ, ಎಣಿಕೆಯೇ ಶೇಕಡಾವಾರು. ಆದರೆ ಒಂದು ಟೇಪಿನ 100 ಬಿಂದು 100 ಮಾದರಿಗಳಾಗುವುದಿಲ್ಲ, ಒಂದೇ ಮಾದರಿ. ಹತ್ತು ಟೇಪು ಎಳೆದು ‘1000 ಮಾದರಿ’ ಎಂದು ಬರೆದ ವರದಿಯ ನಿಖರತೆ ಬರೀ ತೋರಿಕೆಯದು. ಇನ್ನು ಋತು. ಮಳೆ ಶುರುವಾದ ಕೆಲವೇ ವಾರಗಳಲ್ಲಿ ಒಂದೇ ವರ್ಷ ಬಾಳುವ ಹುಲ್ಲು ಎಂಥ ಡಂಪನ್ನೂ ಮುಚ್ಚಿಬಿಡುತ್ತದೆ, ಒಣಗಾಲಕ್ಕೆ ಅದು ಇರುವುದಿಲ್ಲ. ವರ್ಷಕ್ಕೆ ಎರಡು ಸಲ ಅಳೆಯಲಿ: ಬೆಳವಣಿಗೆ ಮುಗಿಯುವ ಹೊತ್ತಿಗೆ ಒಮ್ಮೆ, ಒಣಗಾಲದ ಕೊನೆಗೆ ಒಮ್ಮೆ. ಮೊದಲನೆಯದು ಎಷ್ಟು ಪ್ರಭೇದಗಳಿವೆ ಎಂದು ಹೇಳುತ್ತದೆ. ಎರಡನೆಯದು ಮುಂದಿನ ಮೊದಲ ಜೋರು ಮಳೆ ಬೀಳುವಾಗ ಮಣ್ಣನ್ನು ಹಿಡಿಯಲು ಏನಿರುತ್ತದೆ ಎಂದು ಹೇಳುತ್ತದೆ.

ಗಿಡ ಎಣಿಸುವವರು ಮಣ್ಣನ್ನು ಬಿಟ್ಟುಬಿಡುವುದು ನಮಗೆ ಎಲ್ಲಕ್ಕಿಂತ ಹೆಚ್ಚು ಕೊರಗಿನ ಸಂಗತಿ. 45 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿಗೆ ಒಳ್ಳೆ ಮಣ್ಣು ಗೊಬ್ಬರ ತುಂಬಿ ಸಸಿ ನೆಟ್ಟರೆ ಅದಕ್ಕೆ ಸಿಕ್ಕಿದ್ದು ಸುಮಾರು 91 ಲೀಟರ್ ಮಣ್ಣು. ಎರಡು ಮೂರು ವರ್ಷ ಅದರಲ್ಲೇ ಚೆನ್ನಾಗಿ ಬೆಳೆಯುತ್ತದೆ, ವರದಿಗಳೂ ಚೆನ್ನಾಗಿ ಬರುತ್ತವೆ. ಆಮೇಲೆ ಎತ್ತರ ನಿಲ್ಲುತ್ತದೆ, ತುದಿ ಒಣಗುತ್ತದೆ. ಅಂಥ ಗಿಡದ ಬುಡ ಬಗೆದರೆ ಕಾರಣ ಕಣ್ಣಿಗೇ ಕಾಣುತ್ತದೆ: ಬೇರಿನ ಮುದ್ದೆ ಗುಂಡಿಯ ಅಚ್ಚಿನಲ್ಲಿ ಎರಕ ಹೊಯ್ದಂತೆ ಚೌಕಾಕಾರವಾಗಿರುತ್ತದೆ. ಬದಿಗೆ ತಾಗಿದ ಬೇರುಗಳು ಬಿಗಿದ ಗೋಡೆಯಗುಂಟ ಚಪ್ಪಟೆಯಾಗಿ ಹರಿದು, ಮೂಲೆಯಲ್ಲಿ ತಿರುಗಿ, ಮತ್ತೆ ಒಳಕ್ಕೇ ಬಂದಿರುತ್ತವೆ. ಡಂಪರ್‌ಗಳು ಓಡಾಡಿದ ನೆಲದಲ್ಲಿ ಇದು ಅಪರೂಪವಲ್ಲ. ಪ್ರತಿ ವಿಭಾಗದಲ್ಲೂ ಮೂರನೇ ವರ್ಷಕ್ಕೆ ಕೆಲವು ಗಿಡಗಳ ಪಕ್ಕ ಅರ್ಧ ಮೀಟರ್ ಆಚೆ ಅಗೆದು, ಬೇರು ಗುಂಡಿ ದಾಟಿದೆಯೇ ನೋಡಿ ಫೋಟೊ ಸಮೇತ ಬರೆಯಿರಿ ಎಂದು ಕೇಳಿ. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಇನ್ನೊಂದಿಲ್ಲ.

ಬಿಗಿತವನ್ನು ಅಂಕಿಯಲ್ಲಿ ಹೇಳಲು ಪೆನೆಟ್ರೋಮೀಟರ್ (ಮಣ್ಣಿಗೆ ಚುಚ್ಚಿ ಅದು ಒಡ್ಡುವ ಒತ್ತಡ ಅಳೆಯುವ ಸರಳು) ಇದೆ. 2 ಮೆಗಾಪಾಸ್ಕಲ್ ದಾಟಿದಲ್ಲಿ ಹೆಚ್ಚಿನ ಗಿಡಗಳ ಬೇರು ಮುಂದೆ ಹೋಗಲು ತಿಣುಕುತ್ತದೆ. ಆದರೆ ಒಣ ಮಣ್ಣಿನಲ್ಲಿ ಅದು ಇಲ್ಲದ ಬಿಗಿತ ತೋರಿಸುತ್ತದೆ, ಕಲ್ಲಿಗೆ ತಾಗಿದರೆ ಕಲ್ಲಿನ ಅಳತೆ ಕೊಡುತ್ತದೆ. ಮಳೆ ಬಿದ್ದು ಎರಡು ಮೂರು ದಿನ ಬಸಿದ ಮೇಲೆ, ಒಂದೊಂದು ಕಡೆ ಹತ್ತು ಸಲ ಚುಚ್ಚಿ, ನಡುವಿನ ಬೆಲೆ ಹಿಡಿಯಬೇಕು. ಕಲ್ಲು ತುಂಬಿದ ಮಣ್ಣಿನ ಸಾಂದ್ರತೆಗೆ ಉಕ್ಕಿನ ಉಂಗುರ ಹೊಡೆಯುವ ಪದ್ಧತಿ ನಡೆಯುವುದಿಲ್ಲ. ಒಂದು ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ಚೀಲಕ್ಕೆ ಹಾಕಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ, ಎಷ್ಟು ನೀರು ಹಿಡಿಯಿತು ಎಂದು ಅಳೆಯಿರಿ. ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿಯಿರಿ. ಗುಂಡಿ 5 ಲೀಟರ್, ಒಣ ತೂಕ 8.5 ಕಿಲೊ ಎಂದರೆ ಸಾಂದ್ರತೆ 1.7, ಗಾಬರಿಯಾಗುವ ಅಂಕಿ. ಅದರಲ್ಲಿ 4.24 ಕಿಲೊ ಕಲ್ಲೇ ಇದ್ದರೆ, ಕಲ್ಲಿನ ಸಾಂದ್ರತೆ 2.65ರಂತೆ ಅದು ತಿಂದ ಜಾಗ 1.6 ಲೀಟರ್. ಉಳಿದ 4.26 ಕಿಲೊ ಮಣ್ಣು 3.4 ಲೀಟರ್‌ನಲ್ಲಿದೆ, ಬೇರಿಗೆ ಸಿಗುವ ಮಣ್ಣಿನ ಸಾಂದ್ರತೆ 1.25, ಸಾಕಷ್ಟು ಸಡಿಲ. ಇಲ್ಲಿ ಸಮಸ್ಯೆ ಬಿಗಿತವಲ್ಲ, ನೀರು ಹಿಡಿಯುವ ಮಣ್ಣೇ ಕಡಿಮೆ ಇರುವುದು. ಎರಡಕ್ಕೂ ಮದ್ದು ಬೇರೆ ಬೇರೆ.

ಗಂಧಕವಿರುವ ತ್ಯಾಜ್ಯದಲ್ಲಿ ಒಂದು ಸಲದ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ನಂಬಬೇಡಿ. ಹೊಸದಾಗಿ ಸುರಿದ ತ್ಯಾಜ್ಯ 6 ತೋರಿಸಿ, ಅದರಲ್ಲಿನ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಗಾಳಿ ನೀರಿಗೆ ಉತ್ಕರ್ಷಣಗೊಂಡಂತೆ ಕೆಲವು ವರ್ಷಗಳಲ್ಲಿ 4ಕ್ಕಿಂತ ಕೆಳಗಿಳಿಯಬಹುದು. ಆಗ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಕೊಲ್ಲುತ್ತದೆ. ಪೈರೈಟ್ ರೂಪದ ಗಂಧಕ ಶೇ 1 ಇದ್ದರೆ, 1000 ಟನ್ ತ್ಯಾಜ್ಯದಿಂದ ಹುಟ್ಟುವ ಆಮ್ಲವನ್ನು ತಣಿಸಲು 31.25 ಟನ್ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಈ ಆಮ್ಲ-ಕ್ಷಾರ ಲೆಕ್ಕ ನೆಡುವ ಮೊದಲೇ ಕಡತದಲ್ಲಿರಬೇಕು. ಕಲ್ಲಿದ್ದಲು ಗಣಿಯಾದರೆ ‘ಸಾವಯವ ಇಂಗಾಲ ಹೆಚ್ಚಿದೆ’ ಎಂಬ ಸಾಲನ್ನೂ ಅನುಮಾನಿಸಿ. ಮಣ್ಣಿನಲ್ಲಿ ಬೆರೆತ ಕಲ್ಲಿದ್ದಲ ಚೂರಿನ ಇಂಗಾಲವೂ ಅದೇ ಲೆಕ್ಕಕ್ಕೆ ಬಂದುಬಿಡುತ್ತದೆ. ಮೇಲ್ಮಣ್ಣನ್ನು ಎಷ್ಟು ಕಾಲ, ಎಷ್ಟು ಎತ್ತರದ ರಾಶಿಯಲ್ಲಿ ಇಟ್ಟಿದ್ದರು ಎಂಬ ದಾಖಲೆಯನ್ನೂ ಕೇಳಿ. ಎತ್ತರದ ರಾಶಿಯ ಒಡಲಲ್ಲಿ ಗಾಳಿಯಾಡದೆ ಬೀಜ ಮತ್ತು ಬೇರಿನ ಜೊತೆ ಬಾಳುವ ಶಿಲೀಂಧ್ರ ಎರಡೂ ಸಾಯುತ್ತವೆ. ಅಂಥದ್ದು ಹೆಸರಿಗೆ ಮಾತ್ರ ಮೇಲ್ಮಣ್ಣು.

ನಮ್ಮ ಪ್ರಕಾರ ತಾವು ಮೊದಲು ನೋಡಬೇಕಾದ ಅಂಕಿ, ಯಾರೂ ನೆಡದೆ ತಾನಾಗಿ ಹುಟ್ಟಿದ ಸಸಿಗಳದ್ದು. ಅದನ್ನು ಎರಡು ಭಾಗವಾಗಿ ಎಣಿಸಬೇಕು: ಈ ವರ್ಷ ಮೊಳೆತವು, ಕನಿಷ್ಠ ಒಂದು ಒಣಗಾಲ ದಾಟಿದವು. ಬೀಜದೆಲೆ ಇನ್ನೂ ಇರುವ ಮೊಳಕೆ ಸಾವಿರವಿದ್ದರೂ ಮಾರನೇ ಬೇಸಿಗೆಗೆ ಒಂದೂ ಉಳಿಯದಿರಬಹುದು, ಆದ್ದರಿಂದ ಎರಡನೇ ಗುಂಪಿಗೇ ಬೆಲೆ. ಅದರೊಳಗೆ ಮತ್ತೆ, ನೆಟ್ಟ ಮರದ ಮರಿಗಳೆಷ್ಟು, ಹೊರಗಿನಿಂದ ಗಾಳಿ ಹಕ್ಕಿಗಳು ತಂದವೆಷ್ಟು? ಒಂದೇ ಜಾತಿಯ ಅಕೇಶಿಯ ನೆಟ್ಟು ಅದರ ಮರಿಗಳೇ ತುಂಬಿದ್ದರೆ ಸಾಂದ್ರತೆ ಏರುತ್ತದೆ, ಕಾಡು ಮಾತ್ರ ಬರುವುದಿಲ್ಲ. ಹೆಸರು ಗೊತ್ತಾಗದ ಗಿಡವನ್ನು ಪಟ್ಟಿಯಿಂದ ಬಿಡಬಾರದು. ‘ಅಪರಿಚಿತ 7’ ಎಂದು ಬರೆದು, ಹೂವೋ ಕಾಯೋ ಸಮೇತ ಒಂದು ರೆಂಬೆ ಒತ್ತಿ ಒಣಗಿಸಿ ಇಡಬೇಕು.

ಹೋಲಿಕೆಗೆ ಗಣಿ ಅಗೆಯದ ನೆಲ ಬೇಕು, ಒಂದಲ್ಲ, ಮೂರಾದರೂ. ಎತ್ತರ, ಇಳಿಜಾರು, ದಿಕ್ಕು ಹತ್ತಿರದ್ದಿರಲಿ, ಅವುಗಳನ್ನೂ ಅದೇ ವಾರ, ಅದೇ ತಂಡ, ಅಷ್ಟೇ ಸಂಖ್ಯೆಯ ಚೌಕಗಳಲ್ಲಿ ಅಳೆಯಲಿ. ಗಣಿ ನೆಲದಲ್ಲಿ 25 ಚೌಕ, ಪಕ್ಕದ ಕಾಡಿನಲ್ಲಿ 5 ಚೌಕ ಹಾಕಿ ಪ್ರಭೇದಗಳ ಸಂಖ್ಯೆ ಹೋಲಿಸಿದರೆ ಗಣಿ ನೆಲವೇ ಗೆಲ್ಲಬಹುದು. ಮಳೆ ಕೈಕೊಟ್ಟ ವರ್ಷದಲ್ಲಿ ಎರಡೂ ಕಡೆ ಅಂಕಿ ಇಳಿದರೆ ಅದು ಹವೆಯ ಕಥೆ, ಗಣಿ ನೆಲದಲ್ಲಿ ಮಾತ್ರ ಇಳಿದರೆ ನೆಲದ ಕಥೆ. ಹೋಲಿಕೆಯ ನೆಲವಿಲ್ಲದೆ ಇದನ್ನು ಬಿಡಿಸಿ ಹೇಳಲಾಗದು.

ಉಪಗ್ರಹ ಚಿತ್ರಗಳ ಬಗ್ಗೆ ಎರಡೇ ಮಾತು. ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರ ಉಚಿತವಾಗಿ ಸಿಗುತ್ತದೆ, ಲ್ಯಾಂಡ್‌ಸ್ಯಾಟ್‌ನ 30 ಮೀಟರ್ ಚಿತ್ರಗಳು 1980ರ ದಶಕದಿಂದ ಇವೆ. ಅಳೆಯದೆ ಬಿಟ್ಟ ಜಾಗ ಎಲ್ಲಿ ಹಿಂದುಳಿದಿದೆ ಎಂದು ತೋರಿಸಲು ಎನ್‌ಡಿವಿಐ (ಚಿತ್ರದಿಂದ ಲೆಕ್ಕ ಹಾಕುವ ಹಸಿರಿನ ಸೂಚ್ಯಂಕ) ಒಳ್ಳೆಯ ಸಾಧನ. ಪ್ರತಿ ವರ್ಷ ಒಂದೇ ಹೊತ್ತಿನ, ಮೋಡವಿಲ್ಲದ ಚಿತ್ರಗಳನ್ನು ಹೋಲಿಸಬೇಕು, ಅಷ್ಟೇ. ಆದರೆ ಅದಕ್ಕೆ ಲಂಟಾನ, ಬಳ್ಳಾರಿ ಜಾಲಿ, ಕಾಡುಮರ ಎಲ್ಲವೂ ಹಸಿರೇ. ಚೌಕಗಳ ಅಳತೆಯ ಜೊತೆಗೆ ಅದು ಬರಲಿ, ಬದಲಿಗೆ ಬೇಡ.

ಕೊನೆಯದಾಗಿ, ತಾವು ಆದೇಶದಲ್ಲೇ ಸೇರಿಸಬಹುದಾದ ಕೆಲವು. ವರದಿಯ ಜೊತೆ ಚೌಕವಾರು ಮೂಲ ಅಂಕಿಗಳ ಹಾಳೆ ಬರಬೇಕು: ಚೌಕದ ಸಂಖ್ಯೆ, ದಿನಾಂಕ, ಅಳೆದವರು, ಇಳಿಜಾರು, ಪ್ರತಿ ಗಿಡದ ಬಿಲ್ಲೆ ಸಂಖ್ಯೆ, ಪ್ರಭೇದ, ಬುಡದ ದಪ್ಪ, ಎತ್ತರ, ಸ್ಥಿತಿ. ಸರಾಸರಿಗಳನ್ನು ಮಾತ್ರ ಕೊಟ್ಟರೆ ಹಿಂದಿರುಗಿಸಿ. ಅಳತೆ ಮುಗಿದ ಎರಡು ವಾರದೊಳಗೆ, ಗಣಿಯಿಂದ ಸಂಬಳ ಪಡೆಯದ ಇನ್ನೊಂದು ತಂಡ ಹತ್ತರಲ್ಲಿ ಒಂದು ಚೌಕವನ್ನು ಮತ್ತೆ ಅಳೆಯಲಿ. ಯಾವ ಚೌಕ ಎಂದು ತಮ್ಮ ಕಚೇರಿಯೇ ಆರಿಸಲಿ, ಮೊದಲೇ ಹೇಳದಿರಲಿ. ಹೊದಿಕೆಯಲ್ಲಿ ಶೇಕಡಾ ಲೆಕ್ಕದ ಹತ್ತು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ವಿಭಾಗವನ್ನೆಲ್ಲ ಮತ್ತೆ ಅಳೆಯಬೇಕು. ನೀರು, ಗೊಬ್ಬರ, ಬದಲಿ ನಾಟಿಯ ದಿನಚರಿ ಪುಸ್ತಕ ಪ್ರತಿ ಮಳೆಗಾಲದ ಕೊನೆಗೆ ತಮ್ಮಲ್ಲಿ ದಾಖಲಾಗಲಿ, ಠೇವಣಿಯ ಅರ್ಜಿ ಬಂದಾಗ ಒಟ್ಟಿಗೆ ಬರೆದದ್ದು ಬೇಡ. ಮೂಲ ಹಾಳೆಗಳನ್ನು ಸುತ್ತಲಿನ ಊರಿನವರು ಕೇಳಿದರೆ ಸಿಗುವಂತಿರಲಿ. ಯಾವ ಇಳಿಜಾರು ಯಾವ ಮಳೆಗೆ ಜಾರಿತು, ಎಲ್ಲಿ ಬದಲಿ ಸಸಿ ಬಂತು ಎಂಬುದು ಅವರಿಗೆ ಗೊತ್ತಿರುತ್ತದೆ, ಹಾಳೆಯಲ್ಲಿ ಅದು ಬಿಟ್ಟುಹೋಗಿದ್ದರೆ ಮೊದಲು ಹಿಡಿಯುವವರೂ ಅವರೇ.

ಇಂತಿ ತಮ್ಮ ವಿಶ್ವಾಸಿಗಳು,
ಗಣಿ ನೆಲದ ಸಸ್ಯ ಮತ್ತು ಮಣ್ಣಿನ ಸಮೀಕ್ಷೆ ಮಾಡುವವರು